ಯಾರೂ ಗುರುತು ಹಾಕದ ಜಾಗ

ಮೀನುಗಾರರ ಸಂಘದ ಕೋಣೆಯಲ್ಲಿ ಹನ್ನೊಂದು ದೋಣಿಗಳ ಯಜಮಾನರೂ ಒತ್ತೊತ್ತಾಗಿ ಕೂತಿದ್ದರು. ಕಡಲಲ್ಲಿ ಗಾಳಿಯಂತ್ರದ ಕಂಬ ನೆಟ್ಟು ಕರೆಂಟು ತೆಗೆಯಲು ಹೊರಟ ಕಂಪನಿಯ ಮೇಡಂ ಎಲ್ಲರಿಗೂ ಒಂದೊಂದು ಕಡಲಿನ ನಕ್ಷೆ, ಒಂದೊಂದು ಪೆನ್ನು ಹಂಚಿದರು. "ನೀವು ಮೀನು ಹಿಡಿಯೋ ಜಾಗ ಗುರುತು ಮಾಡಿ. ಡಾಲ್ಫಿನ್, ಹಕ್ಕಿ ಸೇರೋ ಕಡೆನೂ ತೋರಿಸಿ. ಅಲ್ಲಿ ಕಂಬ ನೆಡಲ್ಲ."

ಹೇಳೋದು ಎಷ್ಟು ಸಲೀಸು! ಯಜಮಾನರಲ್ಲೊಬ್ಬನಾದ ಗಡ್ಡದಣ್ಣನ ಪಕ್ಕದಲ್ಲೇ, ಇನ್ನೊಂದು ದೋಣಿಯ ಯಜಮಾನನಾದ ಅವನ ಹೆಂಡತಿಯ ತಮ್ಮ ಕತ್ತು ಉದ್ದ ಮಾಡಿಕೊಂಡು ಕೂತಿದ್ದಾನೆ. ಕಡಲಲ್ಲಿ ನೀರೊಳಗೊಂದು ದಿಬ್ಬವಿದೆ; ಅದರ ಬಳಿ ಡಾಲ್ಫಿನ್‌ಗಳು ಮೀನಿನ ಹಿಂಡನ್ನು ಅಟ್ಟಿಕೊಂಡು ಬರುತ್ತವೆ, ಮೇಲಿಂದ ಹಕ್ಕಿಗಳು ಮುಗಿಬೀಳುತ್ತವೆ. ಗಡ್ಡದಣ್ಣನ ಮನೆಯ ಒಲೆ ಉರಿಯುವುದೇ ಅದರಿಂದ. ಬೆಳಗಿನ ಜಾವ ಅಲ್ಲಿಗೆ ಹೋಗುವಾಗಲೂ ಮೊದಲು ಬೇರೆ ದಿಕ್ಕಿಗೆ ಹೊರಟು ಸುತ್ತು ಹಾಕುವ ಆಸಾಮಿ, ಭಾಮೈದನ ಕಣ್ಣೆದುರು ಅದನ್ನು ತೋರಿಸಿಬಿಡುತ್ತಾನೆಯೇ? ಬರೀ ಬಂಡೆ ಇರುವ ಕಡೆ ದೊಡ್ಡದೊಂದು ಗೆರೆ ಸುತ್ತಿದ. "ಡಾಲ್ಫಿನ್ನಾ? ನಾನಂತೂ ಕಂಡೇ ಇಲ್ಲಮ್ಮ," ಎಂದು ರುಜು ಹಾಕಿ, ಒಳಗೊಳಗೇ ನಗುತ್ತ ಮನೆಗೆ ಹೋದ.

ಏಳು ತಿಂಗಳಾದ ಮೇಲೆ ಅದೇ ಕೋಣೆ, ಅದೇ ಮೇಡಂ. ಗೋಡೆಯ ಮೇಲೆ ಹೊಸ ನಕ್ಷೆ. ಅರವತ್ತು ಕಂಬಗಳೂ ಯಾರೂ ಗುರುತು ಹಾಕದ ಒಂದೇ ಜಾಗದಲ್ಲಿ, ದಿಬ್ಬದ ಮೇಲೆಯೇ. ಇನ್ನು ಅತ್ತ ದೋಣಿ ಸುಳಿಯುವಂತಿಲ್ಲ.

ಗಡ್ಡದಣ್ಣ ದಡಕ್ಕನೆ ಎದ್ದು, "ಅಮ್ಮಾ, ಅದು ಬಿಡಿ! ಡಾಲ್ಫಿನ್, ಮೀನು ಎಲ್ಲ ಇರೋದೇ ಅಲ್ಲಿ!" ಎಂದು ಕೂಗಿದ. ಪಕ್ಕದಲ್ಲಿ ಭಾಮೈದನೂ ಎದ್ದು ಅದನ್ನೇ ಕೂಗುತ್ತಿದ್ದ.

"ನಿಂಗೆ ಹೇಗೋ ಗೊತ್ತು?" ಗಡ್ಡದಣ್ಣ ಅವನತ್ತ ತಿರುಗಿದ.

"ದಿನಾ ಮಧ್ಯಾಹ್ನ ನಾನು ಹೋಗೋದೇ ಅಲ್ಲಿಗೆ ಭಾವ. ಆವತ್ತು ನೀವು ಇಣುಕ್ತಾ ಇದ್ರಲ್ಲ, ಅದಕ್ಕೇ ಬೇರೆ ಕಡೆ ಗೀಚಿದೆ."

ಒಬ್ಬೊಬ್ಬರಾಗಿ ಉಳಿದ ಒಂಬತ್ತು ಜನವೂ ಎದ್ದು ಅದನ್ನೇ ಕೂಗಿದರು. ಥೂ, ಎಲ್ಲರಿಗೂ ಗೊತ್ತಿದ್ದ ಜಾಗ! ಅದನ್ನೇ ಇಷ್ಟು ವರ್ಷ ಒಬ್ಬರಿಂದೊಬ್ಬರು ಬಚ್ಚಿಟ್ಟು ಸತ್ತಿದ್ದರು.

ಮೇಡಂ ಅವರು ರುಜು ಹಾಕಿಕೊಟ್ಟಿದ್ದ ಹನ್ನೊಂದು ನಕ್ಷೆಗಳನ್ನೂ ಮೇಜಿನ ಮೇಲೆ ಹರಡಿದರು. "ಆವತ್ತು ಯಾರಿಗೂ ಕಾಣದ ಡಾಲ್ಫಿನ್ ಇವತ್ತು ಎಲ್ಲರಿಗೂ ಒಂದೇ ಕಡೆ ಕಂಡ್ವಾ? ಚೆನ್ನಾಗಿ ಮಾತಾಡ್ಕೊಂಡು ಬಂದಿದ್ದೀರ."

"ಇಲ್ಲಮ್ಮ," ಎಂದ ಗಡ್ಡದಣ್ಣ. "ನಾವು ಒಬ್ಬರಿಗೊಬ್ಬರು ಏನೂ ಹೇಳ್ಕೊಂಡೋರೇ ಅಲ್ಲ."

ಮೇಡಂ ಆಗಲೇ ಕಾಗದಗಳನ್ನು ಚೀಲಕ್ಕೆ ತುಂಬುತ್ತಿದ್ದರು.