ಚಕ್ರದ ಪಕ್ಕ ಕೂತವನು

ಆ ಮನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಹುಟ್ಟುವಾಗಲೇ ಮೂರು ವಾರ ಮುಂಚೆ ಬಂದವನು, ಎದುರಿನವರ ಮಾತು ಮುಗಿಯುವ ಮೊದಲೇ ಹೂಂ ಅನ್ನುವವನು, ಎಡಬಲ ನೋಡದೆ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿಯುವವನು. ಅಣ್ಣ ಒಮ್ಮೆ ತಮಾಷೆಗೆ 'ಗಡಿಬಿಡಿ' ಎಂದದ್ದೇ ಅವನಿಗೆ ಅಂಟಿಕೊಂಡಿತು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನೋ ಗಾದೆಯನ್ನು ಇವನನ್ನು ನೋಡಿಯೇ ಕಟ್ಟಿರಬೇಕು ಎಂದು ಅಣ್ಣ ನಗುತ್ತಿದ್ದ. ಈಗ ಗಡಿಬಿಡಿಗೆ ನಲವತ್ತು ದಾಟಿದೆ. ಆ ಹೆಸರಿಟ್ಟ ಅಣ್ಣ ಎದೆನೋವಿನಲ್ಲಿ ಹೋಗಿ ಒಂದು ವರ್ಷವಾಯಿತು.

ಭಾನುವಾರ ಮಧ್ಯಾಹ್ನ ಅತ್ತಿಗೆ ಫೋನು ಮಾಡಿದಳು. ಅವಳಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತ್ತು. ಮನೆ ಖಾಲಿ ಮಾಡಿ ಮರುದಿನ ಬೆಳಿಗ್ಗೆ ಅಣ್ಣನ ಹಳೇ ಕಾರನ್ನು ತಾನೇ ಓಡಿಸಿಕೊಂಡು ಹೊರಡುವವಳಿದ್ದಳು.

"ಬೆಲ್ಟು ಕಿರುಚ್ತಾ ಇದೆ ಕಣೋ. ಬಾನೆಟ್ ತೆಗೆದು ನೋಡಿದೆ, ಉದ್ದಕ್ಕೂ ಬಿರುಕು ಬಿಟ್ಟಿದೆ. ಆರು ಗಂಟೆ ದಾರಿ, ನಡುವೆ ಕಿತ್ತುಹೋದ್ರೆ ನಾನೇನು ಮಾಡ್ಲಿ. ಹೊಸದು ಅವರು ತಂದಿಟ್ಟಿದ್ದೇ ಇದೆ. ಇವತ್ತು ಗ್ಯಾರೇಜು ಯಾವುದೂ ತೆಗೆದಿಲ್ಲ. ನೀನೇ ಬಂದು ಹಾಕು, ನಿಮ್ಮಣ್ಣನ ಜೊತೆ ಎಷ್ಟು ಸಲ ಹಾಕಿಲ್ಲ."

ಗಡಿಬಿಡಿಗೆ ಹೋಗಲು ಮನಸ್ಸಿರಲಿಲ್ಲ. ಆದರೂ ಹೂಂ ಎಂದ. ಬೇರೇನು ಹೇಳಲು ಸಾಧ್ಯವಿತ್ತು? ಒಲ್ಲೆ ಎಂದರೆ ಯಾಕೆ ಎಂದು ಅವಳು ಕೇಳುತ್ತಾಳೆ. ಆ 'ಯಾಕೆ'ಗೆ ಉತ್ತರ ನಾಲ್ಕು ವರ್ಷದಿಂದ ಅವನ ಬಾಯಲ್ಲಿ ಬಿಸಿತುಪ್ಪದ ಹಾಗೆ ಕೂತಿತ್ತು.

ನಡೆದದ್ದು ಇಷ್ಟು. ಆ ಕಾರಿನ ಬೆಲ್ಟು ಬದಲಿಸಲು ಇಬ್ಬರು ಬೇಕು. ಎಂಜಿನ್ನಿನ ಒಂದು ಬದಿಯಲ್ಲಿ ರಾಟೆಯಂಥ ಐದಾರು ಪುಲ್ಲಿಗಳ ಮೇಲೆ ಬೆಲ್ಟು ಸುತ್ತಿಕೊಂಡು ಓಡುತ್ತದೆ. ಅದನ್ನು ಸದಾ ಬಿಗಿಯಾಗಿಡಲು ಸ್ಪ್ರಿಂಗ್ ಇರುವ ಪುಲ್ಲಿಯೊಂದಿದೆ. ಮುಂದಿನ ಬಲಚಕ್ರ ಬಿಚ್ಚಿ, ಆ ಸಂದಿನಿಂದ ಸ್ಪ್ಯಾನರ್ ಹಾಕಿ, ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕಬ್ಬಿಣದ ಪೈಪು ತೂರಿಸಿ ಕೆಳಗೆ ಒತ್ತಿ ಹಿಡಿದರೆ ಸ್ಪ್ರಿಂಗ್ ಮಣಿಯುತ್ತದೆ, ಬೆಲ್ಟು ಸಡಿಲವಾಗುತ್ತದೆ. ಒಬ್ಬ ಚಕ್ರದ ಪಕ್ಕ ನೆಲದ ಮೇಲೆ ಕೂತು ಹಾಗೆ ಹಿಡಿದಿರಬೇಕು. ಇನ್ನೊಬ್ಬ ಮೇಲಿನಿಂದ ಬಗ್ಗಿ, ಬೆರಳು ತೂರಿಸಿ ಬೆಲ್ಟನ್ನು ಪುಲ್ಲಿಗೆ ಏರಿಸಬೇಕು. ಮೇಲಿನವನು ಕೈ ಹೊರಗೆ ತೆಗೆದು "ಬಿಡು" ಅಂದ ಮೇಲೆಯೇ ಕೆಳಗಿನವನು ಬಿಡಬೇಕು, ಅದೂ ನಿಧಾನವಾಗಿ. ಅಣ್ಣ ಮಾಡಿದ ನಿಯಮ ಅದು. ಅಣ್ಣ ಯಾವಾಗಲೂ ಮೇಲೆ, ಗಡಿಬಿಡಿ ಯಾವಾಗಲೂ ಚಕ್ರದ ಪಕ್ಕ.

ಆ ದಿನ ಅಣ್ಣನ ಬೆರಳು ಪುಲ್ಲಿಯ ಅಂಚಿನಲ್ಲಿದ್ದಾಗ ಗಡಿಬಿಡಿಯ ಜೇಬಿನಲ್ಲಿ ಫೋನು ರಿಂಗಾಯಿತು. ಕೈ ತಾನಾಗಿ ಜೇಬಿಗೆ ಹೋಯಿತು. ಪೈಪು ರಪ್ಪನೆ ಮೇಲಕ್ಕೆ ಹಾರಿತು.

ಅಣ್ಣ ಗಡಿಯಾರ ರಿಪೇರಿಯವನು. ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಎತ್ತಿ ಕೂರಿಸುತ್ತಿದ್ದ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಜಜ್ಜಿಹೋದವು. ವಾಸಿಯಾದವು, ಆದರೆ ಮತ್ತೆ ಮಡಚಲಿಲ್ಲ. ಆಸ್ಪತ್ರೆಯಲ್ಲಿ ಯಾರೂ ಏನೂ ಕೇಳುವ ಮೊದಲೇ ಗಡಿಬಿಡಿ, "ಅಣ್ಣ ಬಿಡು ಅಂದ, ನಾನು ಬಿಟ್ಟೆ" ಅಂದುಬಿಟ್ಟ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಅಣ್ಣ ಮಂಚದಿಂದ ಅವನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಹೌದು, ನಾನೇ ಅಂದೆ. ಬಾಯಿ ತಪ್ಪಿ ಬಂತು" ಎಂದ.

ಅಂದಿನಿಂದ ಅತ್ತಿಗೆಯ ಸಿಟ್ಟೆಲ್ಲ ಅಣ್ಣನ ಮೇಲೆ. ಗಡಿಯಾರದ ಅಂಗಡಿ ಬರೀ ಪಟ್ಟಿ, ಬ್ಯಾಟರಿ ಮಾರುವ ಅಂಗಡಿಯಾಯಿತು. ತನ್ನ ಕೈಯನ್ನು ತಾನೇ ಹಾಳು ಮಾಡಿಕೊಂಡ ಮನುಷ್ಯ ಎಂದು ಅವಳು ಮೂರು ವರ್ಷ ಅಂದಳು, ಅವನು ಸಾಯುವ ಹಿಂದಿನ ದಿನವೂ ಅಂದಳು. ಅಣ್ಣ ಒಂದು ಸಲವೂ ತಿರುಗಿ ಮಾತಾಡಲಿಲ್ಲ.

ನಾಳೆ ಅವಳು ಹೊರಟುಹೋಗುತ್ತಾಳೆ. ಹೇಳುವುದಿದ್ದರೆ ಇವತ್ತೇ ಹೇಳಬೇಕು ಎಂದುಕೊಳ್ಳುತ್ತಲೇ ಗಡಿಬಿಡಿ ಆ ಮನೆಯ ಗೇಟು ತೆಗೆದ.

ಮನೆಯೊಳಗೆ ಗೋಡೆಗಳು ಬೋಳಾಗಿದ್ದವು. ಹಜಾರದ ತುಂಬ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು. ಅತ್ತಿಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಪಾತ್ರೆಗಳನ್ನು ಹಳೇ ಪತ್ರಿಕೆಯಲ್ಲಿ ಸುತ್ತುತ್ತಿದ್ದಳು.

"ಹಿಡಿಯೋಕೆ ನಾನು ಬರ್ಲಾ?" ಎಂದಳು.

"ಬೇಡ ಅತ್ತಿಗೆ. ನೀವು ನಿಮ್ಮ ಕೆಲಸ ಮಾಡ್ಕೊಳ್ಳಿ. ಹಗ್ಗ ಕಟ್ಟಿ ಒಬ್ಬನೇ ಮಾಡ್ತೀನಿ."

"ಸರಿ. ಆದ್ರೆ ನಿಮ್ಮಣ್ಣನ ಹಾಗೆ ಬಾಯಿ ತಪ್ಪಿ ಏನೇನೋ ಅನ್ಬೇಡ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಡಿಬಿಡಿಯ ಕೈ ತನ್ನಷ್ಟಕ್ಕೆ ಜೇಬಿನ ಫೋನನ್ನು ಮುಟ್ಟಿ ನೋಡಿತು. ಅದನ್ನು ಆರಿಸಿ ಕಿಟಕಿಯ ಮೇಲಿಟ್ಟು ಶೆಡ್ಡಿಗೆ ನಡೆದ.

ತಗಡಿನ ಶೆಡ್ಡು, ಸಿಮೆಂಟಿನ ನೆಲ. ಹಿಂಬದಿಯ ತಗಡಿನ ತೂತಿನಿಂದ ಬಿಸಿಲು ಒಂದು ಕೋಲಿನಷ್ಟು ಒಳಗೆ ಬಂದು ಬಿದ್ದಿತ್ತು. ಬ್ಯಾಟರಿಯ ತಂತಿ ಬಿಚ್ಚಿದ, ಜಾಕಿ ಹಾಕಿ ಎತ್ತಿದ, ಕೆಳಗೆ ಸ್ಟ್ಯಾಂಡು ಕೊಟ್ಟ, ಚಕ್ರ ಬಿಚ್ಚಿದ. ಚಕ್ರದ ನಟ್ಟು ಐದು, ಒಳಗಿನ ಪ್ಲಾಸ್ಟಿಕ್ ಮುಚ್ಚಳದ ಬೋಲ್ಟು ಏಳು. ಒಟ್ಟು ಹನ್ನೆರಡು ಅನ್ನುವುದು ಅಣ್ಣನಿಗೆ ಭಾರೀ ಖುಷಿಯ ಸಂಗತಿಯಾಗಿತ್ತು. ಅಂಗಡಿಯ ಬಿಳಿ ಬಟ್ಟೆಯನ್ನು ನೆಲಕ್ಕೆ ಹಾಸಿ, ಬಿಚ್ಚಿದ್ದನ್ನೆಲ್ಲ ಗಡಿಯಾರದ ಅಂಕಿಗಳ ಹಾಗೆ ಸುತ್ತ ಜೋಡಿಸುತ್ತಿದ್ದ, ಒಂದರಿಂದ ಹನ್ನೆರಡರವರೆಗೆ. ಕೊನೆಯಲ್ಲಿ ಬಿಚ್ಚಿದ್ದು ಮೊದಲು ಹಾಕಬೇಕಾದ್ದು. ಬಟ್ಟೆ ಇನ್ನೂ ಸಲಕರಣೆಯ ಪೆಟ್ಟಿಗೆಯಲ್ಲೇ ಇತ್ತು. ಗಡಿಬಿಡಿ ಅದನ್ನು ಹಾಸಿದ, ಆದರೆ ನಟ್ಟು ಬೋಲ್ಟುಗಳನ್ನು ಅದರ ಮೇಲೆ ಒಂದು ಹಿಡಿ ಕಡಲೆಯ ಹಾಗೆ ಸುರಿದ.

ಪೈಪು ಒತ್ತಿ, ಅದರ ತುದಿಯನ್ನು ನೆಲದಲ್ಲಿ ಹೂತ ಕಬ್ಬಿಣದ ಬಳೆಗೆ ಹಗ್ಗದಿಂದ ಬಿಗಿದು ಕಟ್ಟಿದ. ಹಗ್ಗ ಭಾರ ತಡೆಯಿತು. ಹಳೇ ಬೆಲ್ಟು ಸಲೀಸಾಗಿ ಕೈಗೆ ಬಂತು. ಮಡಚಿ ನೋಡಿದರೆ ಒಳಮೈ ಒಣಗಿದ ಕೆರೆಯ ಮಣ್ಣಿನಂತೆ ಬಿರಿದಿತ್ತು. ಅಷ್ಟರಲ್ಲಿ ಒಳಗಿನಿಂದ ಚಹಾಕ್ಕೆ ಕೂಗು ಬಂತು.

ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಇಬ್ಬರೂ ಚಹಾ ಕುಡಿದರು. ಹೇಳಬೇಕೆಂದು ಅವನು ಎರಡು ಸಲ ಬಾಯಿ ತೆರೆದ. ಒಂದು ಸಲ ಸಕ್ಕರೆ ಜಾಸ್ತಿಯಾಯಿತು ಅಂದ, ಇನ್ನೊಂದು ಸಲ ದಾರಿಯಲ್ಲಿ ಪೆಟ್ರೋಲು ಎಲ್ಲಿ ಹಾಕಿಸುತ್ತೀರಿ ಅಂದ. ಲೋಟ ಇಟ್ಟು ಬಂದುಬಿಟ್ಟ.

ಶೆಡ್ಡಿಗೆ ಬಂದವನು ಬಾಗಿಲಲ್ಲೇ ನಿಂತ. ಬಿಳಿ ಬಟ್ಟೆಯ ಮೇಲೆ ನಟ್ಟು ಬೋಲ್ಟುಗಳು ದುಂಡಗೆ ಕೂತಿದ್ದವು. ಮೇಲೆ ಹನ್ನೆರಡು, ಕೆಳಗೆ ಆರು, ಬಲಕ್ಕೆ ಮೂರು, ಎಡಕ್ಕೆ ಒಂಬತ್ತು.

ಮನೆಯಲ್ಲಿ ಇದ್ದವರು ಇಬ್ಬರೇ, ಇಬ್ಬರೂ ಅಡುಗೆಮನೆಯಲ್ಲಿದ್ದರು. ಗೇಟಿನ ಚಿಲಕ ಹಾಕಿದ್ದು ಹಾಕಿದ ಹಾಗೇ ಇತ್ತು. ಹಳೇ ಅಭ್ಯಾಸ, ನಾನೇ ಜೋಡಿಸಿ ಮರೆತಿರಬೇಕು ಎಂದು ಗಟ್ಟಿಯಾಗಿ ಹೇಳಿಕೊಂಡ. ಹೇಳಿಕೊಂಡದ್ದು ಅವನಿಗೇ ನಂಬಿಕೆಯಾಗಲಿಲ್ಲ. ಓಡಿಹೋಗಬೇಕು ಅನ್ನಿಸಿತು, ಆದರೆ ಬೆಲ್ಟಿಲ್ಲದ ಕಾರನ್ನು ಬಿಟ್ಟು ಓಡಿದರೆ ಮತ್ತೆ 'ಯಾಕೆ' ಎಂಬ ಪ್ರಶ್ನೆಯೇ ಎದುರಾಗುತ್ತದೆ.

ಹೊಸ ಬೆಲ್ಟು ತೆಗೆದುಕೊಂಡು ಬಾನೆಟ್ಟಿನೊಳಗೆ ಬಗ್ಗಿದ. ಕೆಳಗಿನ ದೊಡ್ಡ ಪುಲ್ಲಿಗೆ ಸುತ್ತಿದ, ನೀರಿನ ಪಂಪಿನ ಪುಲ್ಲಿಯ ಬೆನ್ನಿಗೆ ಹಾಯಿಸಿದ, ಒಂದೊಂದೇ ಏರಿಸುತ್ತ ಕೊನೆಯದಕ್ಕೆ ಬಂದ. ಇಲ್ಲಿಯೇ ಅಣ್ಣನ ಬೆರಳು ಸಿಕ್ಕಿದ್ದು. ಬಲಗೈಯ ಎರಡು ಬೆರಳನ್ನು ಬೆಲ್ಟಿನ ಕೆಳಗೆ ತೂರಿಸಿ ಅಂಚಿನ ಮೇಲೆ ತಳ್ಳಿದ. ಅರ್ಧ ಏರಿತು.

ಆಗ ಮೊಣಕಾಲಿನ ಹತ್ತಿರ ಯಾರೋ ಉಸಿರು ಬಿಟ್ಟ ಹಾಗಾಯಿತು.

ಭಾರ ಹಿಡಿದ ಮನುಷ್ಯ ಹಲ್ಲು ಕಚ್ಚಿ, ಮೂಗಿನಲ್ಲಿ ಬಿಡುವಂಥ ಉಸಿರು. ಗಡಿಬಿಡಿ ಕತ್ತು ತಿರುಗಿಸಿ ಕೆಳಗೆ ನೋಡಿದ. ಹಗ್ಗದ ಗಂಟು ಬಿಚ್ಚಿಹೋಗಿತ್ತು. ಅದು ಬಳೆಯ ಪಕ್ಕದಲ್ಲಿ ಸಡಿಲವಾಗಿ ಬಿದ್ದಿತ್ತು. ಪೈಪಿನ ತುದಿ ಮಾತ್ರ ನೆಲದಿಂದ ಒಂದು ಗೇಣು ಮೇಲೆ, ಒತ್ತಿ ಹಿಡಿದ ಹಾಗೇ ನಿಂತಿತ್ತು. ಚಕ್ರದ ಪಕ್ಕ, ಅವನು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ ಯಾರೂ ಇರಲಿಲ್ಲ.

ಅವನ ಬೆರಳು ಇನ್ನೂ ಬೆಲ್ಟಿನ ಕೆಳಗಿದ್ದವು. ಜನ್ಮದಲ್ಲಿ ಮೊದಲ ಸಲ ಅವನು ಆತುರಪಡಲಿಲ್ಲ, ಆತುರಪಡುವ ಧೈರ್ಯವೂ ಇರಲಿಲ್ಲ. ಉಸಿರು ಹಿಡಿದು ಬೆಲ್ಟನ್ನು ಇನ್ನರ್ಧ ತಳ್ಳಿದ. ಅದು ಪುಲ್ಲಿಯ ಗೆರೆಯೊಳಗೆ ಕೂತಿತು. ಒಂದು ಬೆರಳು ತೆಗೆದ. ಇನ್ನೊಂದು ಬೆರಳು ತೆಗೆದ. ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತ. ಪೈಪು ಕದಲಲಿಲ್ಲ. ಅದರ ತುದಿ ಸಣ್ಣಗೆ ನಡುಗುತ್ತಿತ್ತು, ಹಿಡಿದೂ ಹಿಡಿದೂ ತೋಳು ಸೋತಾಗ ನಡುಗುವ ಹಾಗೆ.

ಕೆಳಗಿರುವವರು ಯಾವ ಮಾತಿಗೆ ಕಾಯುತ್ತಿದ್ದಾರೆ ಎಂದು ಗಡಿಬಿಡಿಗೆ ಗೊತ್ತಿತ್ತು.

"ಬಿಡು" ಎಂದ. ಮತ್ತೆ, "ಬಿಡಣ್ಣ, ಕೈ ತೆಗೆದಿದೀನಿ" ಎಂದ.

ಪೈಪು ಹಾಗೇ ಇತ್ತು.

"ಬಿಡೋ ಅಣ್ಣ, ಸಾಕು. ನಿನ್ನ ಕೈ ನೋಯುತ್ತೆ" ಎನ್ನುವಾಗ ಅವನಿಗೆ ಅಳು ಬಂದುಬಿಟ್ಟಿತು.

"ಯಾರಿಗೋ ಬಿಡು ಅಂತಿದೀಯ?"

ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಅರ್ಧ ಸುತ್ತಿದ ಪಾತ್ರೆ. ಅವಳ ಕಣ್ಣು ಸಡಿಲ ಹಗ್ಗದ ಮೇಲೆ ಹೋಯಿತು, ನಡುಗುತ್ತಿದ್ದ ಪೈಪಿನ ಮೇಲೆ ಹೋಯಿತು, ಬಿಳಿ ಬಟ್ಟೆಯ ಮೇಲೆ ಬಂದು ನಿಂತಿತು.

"ಅತ್ತಿಗೆ, ಆವತ್ತು ಅಣ್ಣ ಬಿಡು ಅಂದಿರ್ಲಿಲ್ಲ" ಎಂದ ಗಡಿಬಿಡಿ. "ಏನೂ ಅಂದಿರ್ಲಿಲ್ಲ. ನನ್ನ ಫೋನು ರಿಂಗಾಯ್ತು, ನಾನು ಬಿಟ್ಟೆ. ಆಸ್ಪತ್ರೇಲಿ ಹೇಳಿದ್ದು ಸುಳ್ಳು. ಅವನು ನನಗೋಸ್ಕರ ಹೂಂ ಅಂದ."

ಅವನ ಮಾತು ಮುಗಿದ ಮೇಲೆ ಪೈಪು ಏಳತೊಡಗಿತು. ಹಾರಲಿಲ್ಲ. ನಿದ್ದೆ ಹೋದ ಮಗುವಿನ ತಲೆಯಡಿಯಿಂದ ಕೈ ತೆಗೆಯುವಷ್ಟು ನಿಧಾನವಾಗಿ, ಬೆರಳಷ್ಟು ಬೆರಳಷ್ಟೇ ಮೇಲಕ್ಕೆ ಹೋಯಿತು. ಸ್ಪ್ರಿಂಗ್ ಬಿಗಿದುಕೊಂಡಿತು, ಬೆಲ್ಟು ಒಂದು ಸಲ 'ಟಕ್' ಎಂದು ನೆಟ್ಟಗಾಯಿತು.

ಅತ್ತಿಗೆ ಪಾತ್ರೆಯನ್ನು ನೆಲಕ್ಕಿಟ್ಟು ಹತ್ತಿರ ಬಂದಳು. ವರ್ಷದಿಂದ ಮೂಲೆಯಲ್ಲಿ ಬಿದ್ದಿದ್ದ ಪೈಪಿನ ಮೇಲೆ ಧೂಳೂ ಜಿಡ್ಡೂ ಕಟ್ಟಿತ್ತು. ಗಡಿಬಿಡಿ ಹಿಡಿದಿದ್ದ ಗುರುತಿನ ಮೇಲೆಯೇ ಇನ್ನೊಂದು ಕೈ ಹಿಡಿದ ಗುರುತು ಹಸಿಯಾಗಿ ಮೂಡಿತ್ತು. ಹೆಬ್ಬೆರಳು, ಉಂಗುರ ಬೆರಳು, ಕಿರುಬೆರಳು ಸುತ್ತಿ ಹಿಡಿದಿದ್ದವು. ತೋರುಬೆರಳು, ನಡುಬೆರಳು ಎರಡೂ ಮಡಚದೆ, ಪೈಪಿನುದ್ದಕ್ಕೂ ನೇರವಾಗಿ ಚಾಚಿದ್ದವು.

"ಚಮಚ ಹಿಡೀತಿದ್ದದ್ದೂ ಹೀಗೇ" ಎಂದಳು ಅವಳು. ಗಡಿಬಿಡಿ ತಲೆ ತಗ್ಗಿಸಿ ನಿಂತಿದ್ದ.

"ಮೂರು ವರ್ಷ, ಊಟಕ್ಕೆ ಕೂತಾಗೆಲ್ಲ ಅಂದೆ. ಒಂದು ಸಲ ತಿರುಗಿ ಹೇಳಬಾರದಿತ್ತಾ ಅವರು." "ನಿನಗೆ ನಾನೇನೂ ಅನ್ನಲ್ಲ. ಅನ್ನೋಕೆ ಶುರು ಮಾಡಿದ್ರೆ ಇವತ್ತು ಒಂದು ದಿನದಲ್ಲಿ ಮುಗಿಯಲ್ಲ. ಚಕ್ರ ಹಾಕು."

ಬಟ್ಟೆಯ ಪಕ್ಕ ಕೂತು, ಹನ್ನೆರಡರಿಂದ ಹಿಮ್ಮುಖವಾಗಿ ಒಂದೊಂದನ್ನೇ ಎತ್ತಿ ಅವಳು ಕೊಟ್ಟಳು. ಅವನು ಒಂದೊಂದನ್ನೇ ಬಿಗಿದ. ಎಲ್ಲ ಮುಗಿದು, ಜಾಕಿ ಇಳಿಸಿ, ಬ್ಯಾಟರಿಯ ತಂತಿ ಸಿಕ್ಕಿಸಿದ ಮೇಲೆ ಅತ್ತಿಗೆ ಬೀಗದಕೈ ತೆಗೆದುಕೊಂಡು ಎದ್ದಳು. ಒಂದು ಸುತ್ತು ಓಡಿಸಿ ನೋಡಬೇಕಿತ್ತು. ಡ್ರೈವರ್ ಬಾಗಿಲು ಆ ಚಕ್ರದ ಪಕ್ಕದಲ್ಲೇ. ಅವಳು ನೇರವಾಗಿ ಹೋಗಲಿಲ್ಲ. ಕೂತವರ ಕಾಲು ತುಳಿಯದ ಹಾಗೆ ಸುತ್ತು ಬಳಸಿ ಹೋಗಿ ಒಳಗೆ ಕೂತಳು. ಕಾರು ಶುರುವಾಯಿತು. ಬೆಲ್ಟು ಕಿರುಚಲಿಲ್ಲ.

ಅವಳು ಗೇರು ಹಾಕಲಿಲ್ಲ. ಕಿಟಕಿಯ ಗಾಜು ಇಳಿಸಿ, ಕತ್ತು ಹೊರಗೆ ಹಾಕಿ, ಮುಂದಿನ ಚಕ್ರದ ಪಕ್ಕದ ಖಾಲಿ ನೆಲವನ್ನು ನೋಡಿದಳು.

"ಸ್ವಲ್ಪ ಸರೀರಿ" ಎಂದಳು ಮೆಲ್ಲಗೆ, "ಗಾಡಿ ತೆಗೀಬೇಕು."

ಯಾರಾದರೂ ಏಳುವಷ್ಟು ಹೊತ್ತು ಕಾದಳು. ಆಮೇಲೆ ಕಾರನ್ನು ಹೊರಗೆ ತೆಗೆದಳು.