ಈಜು ಬಲ್ಲವರಿಗೂ ಕಾಣದ ಗುಂಡಿ

ಈ ವರ್ಷ ಗುಡ್ಡದ ಬುಡದ ಕೆರೆ ಕೋಡಿ ಬಿದ್ದಿತು. ಭಾನುವಾರ ಬಂತೆಂದರೆ ತಿಪಟೂರು, ತುರುವೇಕೆರೆ ಕಡೆಯಿಂದ ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಗುಡ್ಡ ಹತ್ತಿ ಇಳಿದವರ ಕಾಲು ತಾನಾಗಿಯೇ ನೀರಿನತ್ತ ನಡೆಯುತ್ತದೆ.

ಪಕ್ಕದ ಊರಿನ ಸುವರ್ಣಮ್ಮನ ಮನೆಯವರೂ ಆ ದಿನ ಬಂದಿದ್ದರು. ಅವಳು ಚಿತ್ರಾನ್ನದ ಡಬ್ಬಿ ತೆಗೆಯುವಷ್ಟರಲ್ಲಿ ಹತ್ತು ವರ್ಷದ ಮಗಳು ನಿಸರ್ಗ ನೀರಿನಂಚಿಗೆ ಓಡಿದ್ದಳು.

"ರೀ, ಬೇಡ ಅನ್ರೀ ಅವಳಿಗೆ!"

ಗಂಡ ಶಿವಮೂರ್ತಿ ನಕ್ಕ. "ಸುಮ್ನಿರೇ. ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿ ನಮ್ಮ ಬಾವೀಲಿ ಈಜು ಕಲ್ಸಿರೋನು ನಾನು. ಈಗ ಕಾಯಿ ಇಲ್ದೇನೇ ಮೇಲಿಂದ ದುಮುಕ್ತಾಳೆ. ನೀನು ಬಕೀಟ್ ನೀರು ಕಂಡ್ರೂ ಹೆದ್ರೋಳು!"

ಸುವರ್ಣಮ್ಮ ಎದ್ದು ಹೋಗಿ ಮಗಳ ಕೈ ಹಿಡಿದು ನಿಂತಳು.

ಕೆರೆಯಲ್ಲಿ ಮೀನು ಹಿಡಿಯುವ ಮಲ್ಲೇಶ್ ತೆಪ್ಪವನ್ನು ದಡಕ್ಕೆ ಎಳೆದು ಹತ್ತಿರ ಬಂದ.

"ಮಗೂನ ಇಳಿಸ್ಬ್ಯಾಡಿ ಕಣಣ್ಣ."

"ಯಾಕ್ಲಾ ಮಲ್ಲೇಶ, ನಿನ್ನ ಮೀನು ಓಡೋಯ್ತವಾ?"

"ಮೀನು ಓಡೋದ್ರೆ ನಾಳೆ ಸಿಕ್ತವೆ ಬುಡಿ. ತಗಳಿ ಈ ಗಳ. ನೀವೇ ಆಳ ನೋಡಿ."

ಶಿವಮೂರ್ತಿ ದಡದಲ್ಲೇ ನಿಂತು ಬಿದಿರಿನ ಗಳ ಊರಿದ. ಮೊಣಕಾಲುದ್ದ ನೀರು. "ನೋಡ್ದೇನೇ?" ಎಂದು ಹೆಂಡತಿಯತ್ತ ತಿರುಗಿದ.

"ಒಂದು ಹೆಜ್ಜೆ ಮುಂದಕ್ಕೆ ಊರಿ," ಎಂದ ಮಲ್ಲೇಶ್.

ಗಳ ಇಳಿಯಿತು. ಇನ್ನೂ ಇಳಿಯಿತು. ಶಿವಮೂರ್ತಿಯ ಮುಷ್ಟಿ ನೀರಿಗೆ ತಾಗಿತು. ಕೆಸರಿನಲ್ಲಿ ಹೂತ ತುದಿಯನ್ನು ಕೀಳಲು ಎರಡು ಕೈ ಬೇಕಾಯಿತು.

"ಇಲ್ಲಿ ದನ ಮೇಯ್ತಿದ್ವಲ್ಲೋ!"

"ಆಮೇಲೆ ತೆಂಗಿನ ತೋಟಕ್ಕೆ ಗೋಡು ತೆಗೆದ್ರಲ್ಲಣ್ಣ. ಜೆಸಿಬಿ ನಿಂತಿದ್ದು ಇಲ್ಲೇ ಅಲ್ವಾ?"

ಬೇಸಿಗೆಯಲ್ಲಿ ಇಲ್ಲಿಂದ ಮೂವತ್ತು ಟ್ರ್ಯಾಕ್ಟರ್ ಗೋಡು, ಅಂದರೆ ಕೆರೆಮಣ್ಣು, ಹೊಡೆಸಿದವನು ಶಿವಮೂರ್ತಿಯೇ. ನೀರು ತುಂಬಿದ ಮೇಲೆ ಜಾಗದ ಗುರುತೇ ಸಿಕ್ಕಿರಲಿಲ್ಲ.

"ನಂಗೆ ಈಜು ಬರುತ್ತಲ್ಲ?" ಎಂದಳು ನಿಸರ್ಗ.

"ಬರುತ್ತೆ ಕಣವ್ವ," ಎಂದ ಮಲ್ಲೇಶ್. "ಬಾವೀಲಿ ಸುಸ್ತಾದ್ರೆ ಮೆಟ್ಲು ಹಿಡ್ಕೋತೀಯ. ಇಲ್ಲಿ ನಿಂತ್ಕೊಳಣ ಅಂತ ಕಾಲೂರಿದ್ರೆ ಕೆಸರು ನಿನ್ನೇ ಹಿಡ್ಕೊಳ್ಳುತ್ತೆ. ದೊಡ್ಡೋರಿಗೂ ಹಂಗೇಯ."

"ಅಕಸ್ಮಾತ್ ಯಾರಾದ್ರೂ ಮುಳುಗ್ತಿದ್ರೆ?" ಸುವರ್ಣಮ್ಮ ಕೇಳಿದಳು.

"ಹಿಂದೇನೇ ಹಾರಬಾರ್ದು ಕಣಕ್ಕ. ಗಾಬ್ರೀಲಿ ತಬ್ಕೊಂಡು ನಿಮ್ಮನ್ನೂ ಮುಳುಗಿಸ್ತಾರೆ. ದಡದಿಂದ್ಲೇ ಗಳನೋ ಹಗ್ಗನೋ ಸೀರೆನೋ ಚಾಚಿ. ಖಾಲಿ ಕ್ಯಾನ್ ಎಸೀರಿ. ಕೂಗಿ ಜನ ಸೇರ್ಸಿ, 112ಕ್ಕೆ ಫೋನ್ ಮಾಡಿ."

ಶಿವಮೂರ್ತಿ ಮಗಳ ಇನ್ನೊಂದು ಕೈ ಹಿಡಿದುಕೊಂಡ. "ಸಾಯಂಕಾಲ ಬಾವೀಗೆ ಇಳಿಯಣ. ನಾನೂ ಬತ್ತೀನಿ. ಈಗ ಉಣ್ಣಣ ಬಾ."

ಮೂವರೂ ಮಲ್ಲೇಶನನ್ನೂ ಕೂರಿಸಿಕೊಂಡು ಹೊಂಗೆ ನೆರಳಲ್ಲಿ ಉಂಡರು. ಸುವರ್ಣಮ್ಮ ಆಮೇಲೆ ಗಂಡನಿಗೆ ಒಂದೇ ಮಾತು ಹೇಳಿದಳು: "ನಮ್ಮ ಮಗಳು ಉಳಿದ್ಲು. ಮುಂದಿನ ವಾರ ಬರೋ ಮಕ್ಕಳಿಗೆ ಹೇಳೋರು ಯಾರ್ರೀ?"

ಸೋಮವಾರ ಬೆಳಿಗ್ಗೆ ಶಿವಮೂರ್ತಿ, ಗೋಡು ಹೊಡೆಸಿದ್ದ ಇನ್ನೂ ನಾಲ್ವರನ್ನು ಹೊರಡಿಸಿದ. ಮಲ್ಲೇಶನ ತೆಪ್ಪದಿಂದ ಪ್ರತಿ ಗುಂಡಿಯ ಅಂಚಿಗೂ ಕೆಂಪು ಬಟ್ಟೆ ಕಟ್ಟಿದ ಗಳ ನೆಟ್ಟರು. ಏಳು ಗುಂಡಿ ಸಿಕ್ಕವು. ಬೇಸಿಗೆಯಲ್ಲಿ ಅವುಗಳ ಅಂಚು ಇಳಿಜಾರು ಮಾಡಿಸುವುದೆಂದೂ ಮಾತಾಯಿತು.

ಗುಡ್ಡ ಹತ್ತಿ, ಗಾಳಿ ಕುಡಿಯಿರಿ, ದಡದಲ್ಲಿ ಕೂತು ಉಣ್ಣಿ. ಮಕ್ಕಳು ಕೈಗೆಟುಕುವಷ್ಟು ಹತ್ತಿರವಿರಲಿ. ಗುರುತಿಲ್ಲದ ನೀರಿಗೆ, ಈಜು ಬಂದರೂ, ಇಳಿಯಬೇಡಿ. ನಿಮ್ಮ ತೋಟಕ್ಕೂ ಯಾವುದಾದರೂ ಕೆರೆಯ ಗೋಡು ಬಂದಿದೆಯೇ? ಗುಂಡಿ ಇದೆ ಎಂದು ನಿಮಗೆ ಗೊತ್ತು, ನೀರು ನೋಡಲು ಬಂದವರಿಗೆ ಗೊತ್ತಿಲ್ಲ. ಕೆರೆ ಬಲ್ಲವರನ್ನು ಜೊತೆಗೆ ಕರೆದುಕೊಳ್ಳಿ. ಈ ಭಾನುವಾರಕ್ಕೆ ಮೊದಲೇ ಹೋಗಿ ಗುರುತು ನೆಟ್ಟು ಬನ್ನಿ.