ಸೊಕ್ಕಿದ ಹಾರಕ

ಕೊಯ್ದು ಒಟ್ಟಿದ್ದ ಹಾರಕದ ಸಿವುಡಿನ ಮೇಲೆ ಈ ಸಲ ಬಿಡದೆ ಮಳೆ ಸುರಿದಿತ್ತು. ಅಂಥ ಕಾಳಿಗೆ ಬೂಷ್ಟು ಹಿಡಿದರೆ ವಿಷ ಸೇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ, ಉಂಡವರಿಗೆ ಅಮಲೇರಿದಂತೆ ಸೊಕ್ಕುತ್ತದೆ. ಅದಕ್ಕೇ ಆ ಗೊಂಡರ ಕೇರಿಯಲ್ಲಿ ಹೊಸ ಹಾರಕದ ಗಂಜಿಯನ್ನು ಮನೆಯ ಹಿರಿಯರು ಮೊದಲು ಕುಡಿಯಬೇಕು. ಅಂಗಳದ ಬಿಸಿಲು ಗೋಡೆ ಹತ್ತುವವರೆಗೂ ಉಳಿದವರು ಹಸಿದುಕೊಂಡೇ ಅವರ ಮುಖ ನೋಡುತ್ತ ಕೂರಬೇಕು.

ಜೆಠಿಯಾ ಕುಡಿದು ಬಟ್ಟಲು ಕೆಳಗಿಟ್ಟಳು. ಮಗ ಲಾಮು, ಸೊಸೆ ಸಮರೋ ಎದುರಿಗೆ ಕೂತರು.

"ಏನಾದ್ರೂ ಆಗ್ತಿದೆಯೇನವ್ವಾ?" ಲಾಮು ಕೇಳಿದ.

"ನಾನು ಸಾಯ್ಲಿ ಅಂತ ಕಾಯ್ತಿದೀಯೇನೋ?"

"ಸಾಯೋದಾದ್ರೆ ಬೇಗ ಸಾಯವ್ವಾ, ಗಂಜಿ ಆರ್ತಾ ಇದೆ."

ಮುದುಕಿ ನಕ್ಕಳು. ನಗು ನಿಲ್ಲಲಿಲ್ಲ. ಕೈ ನಡುಗತೊಡಗಿತು, ಕತ್ತು ವಾಲಿತು. ಒಲೆಯ ಪಕ್ಕದ ಖಾಲಿ ಜಾಗದ ಕಡೆ ತಿರುಗಿ, "ಏ ಫಗನೀ, ಬೆಂಕಿಗೆ ಅಷ್ಟು ಹತ್ರ ಕೂರ್ಬೇಡ್ವೇ, ಸರಿ ಈಚೆ," ಎಂದಳು.

ಫಗನಿ ಸಮರೋಳ ಮಗಳು. ಮಳೆಗಾಲದಲ್ಲಿ ಜ್ವರ ಬಂದು ತೀರಿಹೋದವಳು.

ಲಾಮು ಎದ್ದ. "ಸೊಕ್ಕಿದೆ. ನಾನು ಹುಳಿ ಮಜ್ಜಿಗೆ ತರ್ತೀನಿ. ನೀನು ಈ ಗಂಜೀನ ಗುಂಡಿಗೆ ಸುರಿದು ಮಣ್ಣು ಮುಚ್ಚು. ಕೋಳಿಗೂ ಸಿಗಬಾರ್ದು." ಒಲೆಯ ಕಡೆ ನೋಡದೆ ಹೊರಟುಹೋದ.

ಸಮರೋ ಗಡಿಗೆ ಎತ್ತಿದಳು. ಮತ್ತೆ ಕೆಳಗಿಟ್ಟಳು.

"ಅತ್ತೇ, ನಿಜವಾಗ್ಲೂ ಇದಾಳಾ?"

"ಕಣ್ಣೆದುರಿಗೇ ಕೂತಿದಾಳಲ್ಲೇ, ಕುರುಡೀ. ಅವ್ವ ಯಾಕೆ ನನ್ನ ನೋಡ್ತಿಲ್ಲ ಅಂತಾಳೆ."

ಸಮರೋಗೆ ಬೂದಿಯಷ್ಟೇ ಕಂಡಿತು. ಗಂಜಿ ಇನ್ನೂ ಬೆಚ್ಚಗಿತ್ತು. ಒಂದು ಸೌಟು ಸಾಕು, ತನಗೂ ಕಂಡಾಳು. ಜ್ವರದಲ್ಲಿ ಒಣಗಿದ ಆ ಮುಖವಲ್ಲ, ಅದಕ್ಕೂ ಮೊದಲಿನದು. ಸೌಟನ್ನು ತುಟಿಯ ತನಕ ತಂದಳು.

ಅಷ್ಟರಲ್ಲಿ ಜೆಠಿಯಾ ಪಕ್ಕಕ್ಕೆ ಉರುಳಿ ವಾಂತಿ ಮಾಡಿಕೊಂಡಳು. ಸಮರೋ ಸೌಟು ಬಿಟ್ಟು ಓಡಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕೈಕಾಲು ತಣ್ಣಗಾಗಿದ್ದವು. ಉಸಿರು ಎಳೆದೆಳೆದು ಬರುತ್ತಿತ್ತು. ತಾನೂ ಹೀಗೆ ಬಿದ್ದರೆ ಅತ್ತೆಯ ಬಾಯಿ ಒರೆಸುವವರು ಯಾರು?

ಉಸಿರು ಹದಕ್ಕೆ ಬಂದ ಮೇಲೆ ಅವಳನ್ನು ಗೋಡೆಗೆ ಒರಗಿಸಿ, ಗಡಿಗೆಯನ್ನು ಹಿತ್ತಿಲಿಗೆ ಒಯ್ದು ಗುಂಡಿಗೆ ಬಗ್ಗಿಸಿದಳು. ತಳಕ್ಕೆ ಹತ್ತಿದ್ದನ್ನೂ ಕಡ್ಡಿಯಿಂದ ಕೆರೆದು ಹಾಕಿದಳು.

ಒಳಗಿನಿಂದ ಜೆಠಿಯಾಳ ಅಳುದನಿ ಕೇಳಿತು:

"ಎಲ್ಲಾ ಸುರಿದ್ಬಿಟ್ಟೆಯೇನೇ? ಅವಳ ಪಾಲೂ?"

ಸಮರೋ ಕಾಲಿನಿಂದ ಮಣ್ಣು ಎಳೆಯುತ್ತಲೇ ಇದ್ದಳು. ಗುಂಡಿ ಮುಚ್ಚಿ ಎಷ್ಟೋ ಹೊತ್ತಾದರೂ ನಿಲ್ಲಿಸಲಿಲ್ಲ.